ದೋಣಿಯ ಪಾಲು

ಕೂತ್ಕೋ ತುಷಾರ. ಆ ಕುರ್ಚಿ ಬೇಡ,
ಅದಕ್ಕೂ ನನ್ನ ಹಾಗೆ ಒಂದು ಕಾಲು ಕುಂಟು.
ಹದಿನೆಂಟು ಲಕ್ಷ ಅಂತೆ.
ಮೊಬೈಲಿನ ಮೇಲೆ ಬೆರಳಿಟ್ಟು ಸೊನ್ನೆ ಎಣಿಸಿದಳಂತೆ ನಿನ್ನ ಆಯಿ:
ಐದು. ಸರಿಯಾಗಿ ಒಂದು ಪಾಲು ಬಂಗಡೆ.

ನಾನು ಪಿಗ್ಮಿಯವನು. ಇಪ್ಪತ್ತೆರಡು ವರ್ಷ
ಕಾರವಾರದ ಮೀನುಪೇಟೆಯ ಒದ್ದೆ ನೆಲದಲ್ಲಿ
ಹತ್ತು, ಇಪ್ಪತ್ತು, ‘ನಾಳೆ ಬಾರೋ’ ಎತ್ತಿದವನು.
ನನಗೆ ಎಲ್ಲ ನೋಟಿಗೂ ಶೆಟ್ಲಿಯದೇ ವಾಸನೆ.
ಲಕ್ಷಗಳ ಬಗ್ಗೆ ಓದಿಲ್ಲ.
ಮೊಣಕಾಲಿನ ಬಗ್ಗೆ ಓದಿದ್ದೇನೆ.

ಕೋಡಿಬಾಗದ ಮೈದಾನ, ಎರಡನೇ ಅರ್ಧ.
ಬೋನಸ್ ಗೆರೆ ದಾಟಿದೆ, ಹಿಂಗಾಲು ಗಾಳಿಯಲ್ಲಿ,
ಆಮೇಲೆ ಏಳು ಜನ ನನ್ನ ಮೇಲೆ.
ಬೋನಸ್ ಸಿಕ್ಕಿತು. ಪುಸ್ತಕದಲ್ಲಿ ಬರೆದುಕೊಂಡರು.
ನನ್ನನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೋದರು.

ನಿನ್ನ ಅಜ್ಜ ರಂಪಣಿ ಎಳೆದು ಬಂದ ದಿನ
ಬೈತಖೋಲಿನ ಮರಳಲ್ಲಿ ಪಾಲು ಹಾಕುತ್ತಿದ್ದ.
ಮೊದಲು ದೋಣಿಗೆ, ಆಮೇಲೆ ಬಲೆಗೆ,
ಕೊನೆಗೆ ಎಳೆದ ಕೈಗಳಿಗೆ.
ನಾನು ಸಣ್ಣವ, ಕೇಳಿದೆ: ದೋಣಿ ಮೀನು ತಿನ್ನುತ್ತದಾ?
ತಿನ್ನೋದಿಲ್ಲ, ಅಂದ. ಒಡೀತದೆ.

ನಿನ್ನ ದೋಣಿ ಯಾವುದು, ಹೇಳು.
ನಗಬೇಡ. ಲುಂಗಿ ಎತ್ತಿ ಹೊಲಿಗೆ ತೋರಿಸಲಾ?

ಸರಕಾರದ ತೆರಿಗೆ ಬೇರೆ ಖಾತೆಯಲ್ಲಿಡು, ಅದು ನಿನ್ನದಲ್ಲ,
ಬಲೆಗೆ ಬಿದ್ದ ಆಮೆಯ ಹಾಗೆ, ನೋಡು, ಮುಟ್ಟಬೇಡ.
ಸೊಸೈಟಿಯಲ್ಲಿರುವ ಆಯಿಯ ಬಳೆ ಬಿಡಿಸು, ಇವತ್ತೇ.
ಎರಡು ವರ್ಷ ಆಡದೆ ಕೂತರೂ ಅನ್ನ ಬೇಯುವಷ್ಟು
ಠೇವಣಿಯಲ್ಲಿಟ್ಟು ಮರೆತುಬಿಡು. ಕಾಲಿಗೊಂದು ವಿಮೆ.
ಉಳಿದರೆ ತಿಂಗಳು ತಿಂಗಳು, ಸ್ವಲ್ಪ ಸ್ವಲ್ಪ, ಮಾರುಕಟ್ಟೆಯ ಫಂಡಿಗೆ,
ಅದು ಏರುತ್ತದೆ, ಇಳಿಯುತ್ತದೆ,
ಇಳಿದಾಗ ದಡದಲ್ಲಿ ನಿಂತು ಬಾಯಿ ಬಡಕೊಳ್ಳಬೇಡ.
ಭರತ ಬರುವ ಹೊತ್ತಿಗೆ ಇದ್ದರಾಯಿತು.

ಟ್ರಾಲರಿನಲ್ಲಿ ಪಾಲುದಾರನಾಗು ಅಂತ ಮಾವ ಬರುತ್ತಾನೆ.
ಮೂರೇ ವರ್ಷಕ್ಕೆ ದುಪ್ಪಟ್ಟು ಅಂತ ಟೈ ಕಟ್ಟಿಕೊಂಡವನೊಬ್ಬ.
ಕೇಳು: ಜೂನ್ ಜುಲೈ ಎರಡು ತಿಂಗಳು
ಬೋಟೆಲ್ಲ ದಡದಲ್ಲಿ. ಆಗ ನಿನ್ನದು ಯಾವ ಲೆಕ್ಕ?
ಉತ್ತರ ಬಂದರೆ ನನಗೂ ಹೇಳು.

ಒಂದು ಬೈಕು ತಗೋ. ತಗೋ ಮಾರಾಯಾ.
ಇಪ್ಪತ್ತೊಂದು ವರ್ಷಕ್ಕೆ ಏನೂ ಕೊಳ್ಳದವನನ್ನು ನಾನು ನಂಬೋದಿಲ್ಲ.
ಹೆಲ್ಮೆಟ್ ಮಾತ್ರ ಬೈಕಿಗಿಂತ ಮೊದಲು.

ಇನ್ನೊಂದು ವಿಷಯ. ಹೇಳಬಾರದು ಅಂದಿದ್ದಳು.
ನಿನ್ನ ಮೊದಲ ಬೂಟು ಶಾಲೆಯವರು ಕೊಟ್ಟದ್ದಲ್ಲ.
ದಿನಕ್ಕೆ ಇಪ್ಪತ್ತು, ಹನ್ನೊಂದು ತಿಂಗಳು,
ಕತ್ತಿ ಒರೆಸುವ ಬಟ್ಟೆಗೇ ಕೈ ಒರೆಸಿ ಕೊಟ್ಟದ್ದು.
ನಿನ್ನೆ ಸಂಜೆ ಹೋದೆ. ಇನ್ನು ಯಾಕೆ ಬೇಕು ರುಕ್ಮಾ, ಅಂದೆ.
ಇಸ್ವಣ ಕೊಯ್ಯುತ್ತಿದ್ದಳು, ತಲೆ ಎತ್ತಲಿಲ್ಲ.
ಇಪ್ಪತ್ತರ ನೋಟು, ಐಸಿನಷ್ಟು ತಣ್ಣಗೆ,
ಕೈಗಿಟ್ಟಳು. ರಸೀದಿ ಬರಿ, ಅಂದಳು,
ಹೆಸರಿನ ಜಾಗದಲ್ಲಿ ನಿನ್ನದೇ.

ಚಹಾ ಆರಿತು. ಕುಡಿ.