ಅಳಿವೆ

ಬೈತಖೋಲದ ಐಸ್ ಫ್ಯಾಕ್ಟರಿಯ ಕಾಟಾ
ಮನುಷ್ಯರಿಗೆಂದು ಇಟ್ಟದ್ದಲ್ಲ.
ಪೇಟೆಯ ದವಾಖಾನೆಗಳ ಮುಳ್ಳು ನಮ್ಮನ್ನು ತಾಳದೆ,
ಬೋಟು ದಡದಲ್ಲಿ ಕಟ್ಟಿದ್ದ ಜೂನ್ ತಿಂಗಳು,
ಅಣ್ಣ ಹತ್ತಿದ. ಆಮೇಲೆ ನಾನು.
ನೂರಾ ಐವತ್ತೆಂಟು. ನೂರಾ ಮೂವತ್ತೊಂದು.
"ಆರು ಬುಟ್ಟಿ ಬಂಗಡೆ, ಬರಕೋ" ಅಂದ ಗುರುದಾಸಣ್ಣ,
ರಶೀದಿ ಹರಿದು ನನ್ನ ಕೈಗಿಟ್ಟ. ಇನ್ನೂ ಇದೆ ಅದು
ರೇಷನ್ ಕಾರ್ಡಿನ ಕವರಿನಲ್ಲಿ.

ಹಳೇ ಸೇತುವೆ ಕಾಳಿಗೆ ಬಿದ್ದ ಬೆಳಿಗ್ಗೆ
ಟೆಂಪೋದವನು ಕೇಳಿದ: "ಏನು ಸುಗಂಧಕ್ಕ,
ರಾತ್ರಿ ಸದಾಶಿವಗಡಕ್ಕೆ ನಡೆದು ಹೋಗಿದ್ದೆಯಾ?"
ಎಲ್ಲರೂ ನಕ್ಕರು. ನಾನೂ.
ನಗದಿದ್ದರೆ
ಎರಡು ಸೀಟಿನ ದುಡ್ಡು ಕೊಟ್ಟರೂ ಕೂರಲು ಜಾಗವಿಲ್ಲ.

ಗೋವೆಯ ಡಾಕ್ಟರು ಹೊಟ್ಟೆಯ ಚಿತ್ರ ಬಿಡಿಸಲಿಲ್ಲ.
ಕಾಗದ ಮಗುಚಿ ಎರಡು ಗೆರೆ ಎಳೆದರು,
ಒಂದೇ ಚುಕ್ಕೆಯಿಂದ ಹೊರಟವು.
"ಇದು ಕೊಯ್ಯಿಸಿಕೊಂಡವರು. ಇದು ಹಾಗೇ ಉಳಿದವರು.
ಮೊದಲ ತಿಂಗಳು ನೋಡಿ, ಕೊಯ್ಯಿಸಿಕೊಂಡವರದೇ ಕೊಂಚ ಕೆಳಗೆ.
ಹೊಲಿಗೆ ಸೋರಬಹುದು, ಕಾಲಿನ ನೆತ್ತರು ಹೆಪ್ಪಾಗಿ ಎದೆಗೇರಬಹುದು.
ಸಾವಿರಕ್ಕೆ ಒಬ್ಬರೋ ಇಬ್ಬರೋ. ಸುಳ್ಳು ಹೇಳುವುದಿಲ್ಲ.
ಆಮೇಲೆ ಗೆರೆಗಳು ಒಂದನ್ನೊಂದು ದಾಟುತ್ತವೆ.
ಇದು ಬೇಗ ಇಳಿಯುತ್ತದೆ. ಇದೂ ಇಳಿಯುತ್ತದೆ, ತಡವಾಗಿ."
"ಇಳಿಯದೇ ಇರುವ ಗೆರೆ?" ಎಂದೆ.
ಪೆನ್ನಿಗೆ ಕ್ಯಾಪು ಹಾಕಿದರು.

ನನಗೆ ಕಂಡದ್ದು ಅಳಿವೆ.
ಕಾಳಿ ಕಡಲಿಗೆ ಬೀಳುವಲ್ಲಿ, ಮರಳದಿಬ್ಬದ ಮೇಲೆ
ನೀರು ಎದ್ದು ಮುರಿಯುವ ಆ ನಾಲ್ಕು ಮಾರು ದೂರ.
ದೋಣಿ ಮಗುಚುವುದು ಅಲ್ಲೇ, ನಡುಗಡಲಲ್ಲಲ್ಲ.
ಅಳಿವೂ ಉಳಿವೂ ಒಂದೇ ಬಾಯಲ್ಲಿ ಇರುವುದಕ್ಕೇ
ಆ ಹೆಸರೋ ಏನೋ. ಅಪ್ಪ ಅನ್ನುತ್ತಿದ್ದ:
ದಾಟಿದವನಿಗೆ ಮೀನು. ದಾಟದವನಿಗೆ ದಡ;
ದಡ ಯಾರನ್ನೂ ಮುಳುಗಿಸುವುದಿಲ್ಲ ಅಂದವರು ಯಾರು?

ಅಣ್ಣ ಗೆರೆ ನೋಡಲಿಲ್ಲ. ಗೋಡೆಯ ಗಡಿಯಾರ ನೋಡಿದ.
"ಮೇಜಿನ ಮೇಲೆ ಮಲಗಿ ಸಾಯಲಿಕ್ಕೆ ದುಡ್ಡು ಬೇರೆ ಕೊಡಬೇಕಾ?
ಮಳೆಗಾಲ ಮುಗಿಯಲಿ, ನೋಡುವಾ."
ಮಳೆಗಾಲ ಮುಗಿಯಿತು. ನವೆಂಬರಿನಲ್ಲಿ,
ಕುರ್ಚಿಯಲ್ಲಿ ಕೂತಲ್ಲೇ, ಟಿವಿ ಹಚ್ಚಿದ್ದ ಹಾಗೇ.
ಗೊರಕೆ ನಿಂತದ್ದು ಮೊದಲು ನಮಗೆ
ನೆಮ್ಮದಿ ಅನ್ನಿಸಿತ್ತು.
ನಾಲ್ವರು ಹೊರುವ ಚಟ್ಟಕ್ಕೆ ಒಂಬತ್ತು ಮಂದಿ.
ಒಂಬತ್ತನೆಯವ ಆ ಟೆಂಪೋದವನು.
ಭುಜ ಬದಲಿಸದೆ ಕೋಡಿಬಾಗದವರೆಗೂ ಹೊತ್ತ.

ಫೆಬ್ರವರಿಯಲ್ಲಿ ನಾನು ಸಹಿ ಹಾಕಿದೆ.
ಸತ್ತರೆ ಯಾರೂ ಹೊಣೆಯಲ್ಲ ಎಂಬ ಆ ಪುಟವನ್ನು
ನರ್ಸು ಕೊಂಕಣಿಯಲ್ಲಿ ಓದಿ ಹೇಳಿದಳು
ಕಿರಾಣಿ ಪಟ್ಟಿ ಓದುವ ದನಿಯಲ್ಲಿ.
ಎಣಿಸಿ ಅಂದರು. ಎಣಿಸಿದೆ:
ಒಂದು ಬುಟ್ಟಿ, ಎರಡು ಬುಟ್ಟಿ
ಮೂರನೆಯದು ನೆನಪಿಲ್ಲ.

ಈಗ ಮೂರು ಚಮಚ ಗಂಜಿಗೇ ಹೊಟ್ಟೆ ಬಾಗಿಲು ಹಾಕುತ್ತದೆ.
ತಾರ್ಲೆಯ ಹುಮಣ ಮೂಸಿ ಪಕ್ಕಕ್ಕಿಡುತ್ತೇನೆ.
ಕೂದಲೆಲ್ಲ ಬಾಚಣಿಗೆಯಲ್ಲಿ; ತೋಳಿನ ತೊಗಲು
ಗಾಳಿ ಬಿದ್ದ ಹಾಯಿ.
ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿತು. ನಿದ್ದೆ ಬರುತ್ತದೆ,
ಆ ನಿದ್ದೆಗೇ ಹೆದರಿ ಎದ್ದು
ಆಯಿಯನ್ನು ಕೇಳುತ್ತೇನೆ, ನನ್ನ ಗೊರಕೆ ಕೇಳಿಸಿತಾ?

ಆ ಗೆರೆಯಲ್ಲಿ ಹೆಸರುಗಳಿಲ್ಲ. ನಾನು ಯಾವ ಚುಕ್ಕೆಯೋ
ಡಾಕ್ಟರಿಗೂ ಗೊತ್ತಿಲ್ಲ. ಅಣ್ಣ ಒಪ್ಪಿದ್ದರೆ
ಸಾವಿರದ ಆ ಒಬ್ಬ ಅವನೇ ಆಗುತ್ತಿದ್ದ,
ಹೀಗೆ ಹೇಳಿಕೊಂಡೇ ಆಯಿ ಎರಡು ತುತ್ತು ಉಣ್ಣುತ್ತಾಳೆ.
ನಾನು ತಿದ್ದುವುದಿಲ್ಲ.

ಸೊಸೈಟಿಯಲ್ಲಿ ಸಾಲ. ಅರವತ್ತು ಕಂತು.
ಮ್ಯಾನೇಜರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ
ಜಾಮೀನಿಗೆ ಯಾರಿದ್ದಾರೆ ಎಂದಿದ್ದ.
ಮಡಿಕೆ ಬಿಚ್ಚಿ ಆ ಎರಡು ಗೆರೆ ತೋರಿಸಿದೆ.
ಅವನಿಗೆ ತಿಳಿಯಲಿಲ್ಲ. ಟೆಂಪೋದವನು ಸಹಿ ಹಾಕಿದ.

ಇವತ್ತು ಒಂದೇ ಸೀಟಿನಲ್ಲಿ ಕೂತು ಹೋಗಿ
ಹನ್ನೊಂದನೆಯದು ಕಟ್ಟಿ ಬಂದೆ.
ಇನ್ನು ನಲವತ್ತೊಂಬತ್ತು.