ಎರಡೂವರೆ ಮೀಟರ್

ಸಿತ್ರಾದ ಎಣ್ಣೆಟ್ಯಾಂಕುಗಳ ಪಕ್ಕದ ಆಫೀಸು,
ಎಂಬತ್ತೆಂಟನೇ ಇಸವಿಯ ಆಗಸ್ಟು.
ಹುಸಿಮಾಡಿನೊಳಗೆ ತಲೆ ತೂರಿಸಿ ನಿಂತಿದ್ದೇವೆ
ನಾನೊಂದು ಏಣಿಯಲ್ಲಿ, ಶಿರ್ವದ ಸಿಪ್ರಿಯನ್ ಇನ್ನೊಂದರಲ್ಲಿ.
ಕಿರುಬೆರಳ ದಪ್ಪದ ಹಳದಿ ಕೇಬಲ್ಲು,
ಬಾಗೆಂದರೆ ಬಾಗದ ಮೊಂಡು.
ಎರಡೂವರೆ ಮೀಟರಿಗೊಂದು ಕಪ್ಪು ಪಟ್ಟಿ.

"ಪಟ್ಟಿಯ ಮೇಲೆಯೇ ಚುಚ್ಚಿ, ಎಲ್ಲೆಂದರಲ್ಲಿ ಅಲ್ಲ"
ಕೆಳಗಿಂದ ಸುಡಾನಿನ ಇಂಜಿನಿಯರ್ ತಿಜಾನಿ,
ಬೊಂಬಾಯಿ ಸಿನಿಮಾ ಕಲಿಸಿದ ಹಿಂದಿಯಲ್ಲಿ.
"ಪ್ರತಿ ಚುಚ್ಚೂ ತುಸು ಸದ್ದನ್ನು ಹಿಂದಕ್ಕೆ ಎಸೆಯುತ್ತದೆ.
ಒತ್ತೊತ್ತಿಗಿದ್ದರೆ ಆ ಚೂರೆಲ್ಲ ಕೈಗೂಡಿಸಿ
ಒಂದೇ ಗುಲ್ಲು. ಆಮೇಲೆ ಯಾರ ಮಾತು ಯಾರಿಗೆ?"

ಸಿಪ್ರಿಯನ್ ನಕ್ಕ:
ಅಮ್ಮ ಕಟ್ಟುವ ಮಲ್ಲಿಗೆ ಚೆಂಡಿನಲ್ಲಿ
ಎಂಟುನೂರು ಮೊಗ್ಗು, ನಡುವೆ ಉಗುರೂ ತೂರದು.
"ಹೂವು ಮಾತಾಡುವುದಿಲ್ಲವಲ್ಲ" ಎಂದ ತಿಜಾನಿ.

ಕ್ಯಾಂಪಿನ ಕೋಣೆಯಲ್ಲಿ ಹದಿನಾಲ್ಕು ಮಂಚ.
ಒಬ್ಬ ಮಗ್ಗುಲಾದರೆ ಇನ್ನೊಬ್ಬನ ನಿದ್ದೆ ಹರಿಯುತ್ತಿತ್ತು.
ಒಂದು ರಾತ್ರಿ ಟೇಪು ಹಿಡಿದು ಅಳೆದೆ:
ನಲವತ್ತೊಂದು ಸೆಂಟಿಮೀಟರ್.
ಯಾರಿಗೂ ಹೇಳಲಿಲ್ಲ.

ಲೆಕ್ಕದ ವಿಭಾಗದ ಬದ್ರಿಯಾಗೆ
ಸಮುದ್ರ ಕಾಣುವ ಕಿಟಕಿಯೇ ಬೇಕು.
ಪಟ್ಟಿ ಬಿದ್ದದ್ದೋ ಕಕ್ಕಸಿನ ಗೋಡೆಯ ಮೇಲೆ.
ಆಗುವುದಿಲ್ಲ ಎಂದುಬಿಟ್ಟಿದ್ದೆ ನಾನು.
ತಿಜಾನಿ ತಲೆಯಾಡಿಸಿದ: ನಿಯಮ ಚುಚ್ಚಿಗೆ, ಮೇಜಿಗಲ್ಲ;
ಅಲ್ಲಿ ಕಚ್ಚಿಸಿ, ಬಾಲವನ್ನು ಐವತ್ತು ಮೀಟರ್ ಇಳಿಬಿಡು.
ಅವಳು ಸಮುದ್ರದ ಕಡೆ ಕೂತಳು.

ಆ ವಾರದ ಪತ್ರದಲ್ಲಿ ಮನೆಗೆ ಇದನ್ನೇ ಬರೆದೆ,
ಬೇರೆ ಸುದ್ದಿ ಇರಲಿಲ್ಲ.
ಹೆಂಡತಿಯ ಮಾರುತ್ತರ ಒಂದೂವರೆ ತಿಂಗಳಿಗೆ ಬಂತು,
ತೆಂಗಿನಕಾಯಿ ರೇಟು, ಮಗುವಿನ ಹಲ್ಲು, ಕೊನೆಗೆ:
ನಮ್ಮ ಬಾಲ ಎಷ್ಟು ಮೀಟರು?

ತೊಂಬತ್ತೇಳರಲ್ಲಿ ಅದನ್ನೆಲ್ಲ ನಾವೇ ಕಿತ್ತೆವು.
ತಿಜಾನಿ ಆಗ ಇರಲಿಲ್ಲ, ರಜೆಗೆ ಹೋದವ
ಪಾಸ್‌ಪೋರ್ಟಿನ ಯಾವುದೋ ತಕರಾರಿಗೆ ಸಿಕ್ಕು ಖಾರ್ತೂಮಿನಲ್ಲೇ ಉಳಿದ.
ಅವನು ಹೇಳಿಸಿದ ತೂತುಗಳು ಹಾಗೇ ಇದ್ದವು
ಪಟ್ಟಿಯ ನಟ್ಟನಡುವೆ, ಹಾವು ಕಚ್ಚಿದ ಹಾಗೆ.

ಒಂದು ತುಂಡನ್ನು ಸಿಪ್ರಿಯನ್ ಕ್ಯಾಂಪಿನ ತಾರಸಿಗೆ ಒಯ್ದು
ಬಟ್ಟೆ ಒಣಗಿಸಲು ಕಟ್ಟಿದ.
ಪಟ್ಟಿಯಿಂದ ಪಟ್ಟಿಗೆ ಒಬ್ಬೊಬ್ಬನ ಪಾಲು,
ಹೊಸ ಹುಡುಗರೇ ಮಾಡಿಕೊಂಡ ಕಾನೂನು,
ಯಾರೂ ಹೇಳಿಕೊಟ್ಟದ್ದಲ್ಲ.
ಶುಕ್ರವಾರ ಅಲ್ಲಿ ಅಂಗಿಗಳು
ಒಂದಕ್ಕೊಂದು ತಾಗದೆ ಬಿಸಿಗಾಳಿಗೆ ತೋಳು ಬೀಸುತ್ತಿದ್ದವು.

ಹಗ್ಗದ ಎರಡೂ ತುದಿಗೆ
ಐವತ್ತು ಓಮಿನ ಹಳೇ ಟರ್ಮಿನೇಟರು ತಿರುಪಿದ್ದ ಸಿಪ್ರಿಯನ್.
ಯಾಕೋ ಎಂದರೆ,
ಬಿಟ್ಟರೆ ಮನಸ್ಸು ಒಪ್ಪಲಿಲ್ಲ ಮಾರಾಯ, ಎಂದ.