ತೂತುಗೂಡಿನ ಬಾಡಿಗೆ ಲೆಕ್ಕ

ಪಿಳ್ಳಪ್ಪ ಸೌಂಡ್ಸ್, ಶಿಡ್ಲಘಟ್ಟ. ಬಾಡಿಗೆ ಪುಸ್ತಕ ನಾಲ್ಕು,
ಹಾಳೆ ಇಪ್ಪತ್ತೆರಡು: ಆಂಪ್ಲಿಫೈಯರ್ ಒಂದು, ಬಾಕ್ಸು ಎರಡು,
ಮೈಕು ಒಂದು, ಅದೂ ತಲೆ ಚಪ್ಪಟೆಯಾದದ್ದು.
ಕಾರ್ಯಕ್ರಮ ಅನ್ನೋ ಕಡೆ ನಾನು ಬರೆದದ್ದು 'ಗಲಾಟೆ'.
ಮದುವೆಯಲ್ಲ, ನಾಮಕರಣವಲ್ಲ, ತಿಥಿಯಂತೂ ಅಲ್ಲ,
ಮತ್ತೇನು ಬರೆಯಲಿ?

ಮೂವರು ಹುಡುಗರು, ಒಬ್ಬಳು ಹುಡುಗಿ.
ಗಂಗುಲಪ್ಪನ ಮೊಬೈಲ್ ಅಂಗಡಿಗೆ ರಿಪೇರಿಗೆ ಬಂದ
ಯಾರದೋ ಫೋನಿನ ಕಾರ್ಡಿನಲ್ಲಿ ಸಿಕ್ಕಿದವಂತೆ ಆ ಹಾಡುಗಳು,
ನಲವತ್ತು ಸೆಕೆಂಡಿಗೆಲ್ಲ ಖತಂ.
ಕಾರ್ಡು ಕೆಟ್ಟಿದೆ ಅಂತ ಮೂರು ದಿನ ಉಜ್ಜಿದನಂತೆ.
ಆಮೇಲೆ ತಿಳಿಯಿತು, ಇರುವುದೇ ಅಷ್ಟು.
ಹೇಳಿ ಮುಗಿದ ಮೇಲೆ ಯಾಕೆ ನಿಂತಿರಬೇಕು?

ಭಾನುವಾರ ಬಾಯ್ಲರ್ ಆರಿರುತ್ತದೆ.
ಇಮ್ತಿಯಾಜನ ಅಪ್ಪನ ಫಿಲೇಚರಿನಲ್ಲಿ
ಬೆಂದ ಹುಳದ ವಾಸನೆಯ ನಡುವೆ
ಮುನಿಆಂಜಿ ಬಣ್ಣದ ಡಬ್ಬ ಬಡಿಯುತ್ತಿದ್ದ.
ಹೆಸರಿಟ್ಟವಳು ರುಕ್ಸಾನ.
ಪತಂಗ ಕೊರೆದು ಹೊರಬಿದ್ದ ಗೂಡಿಗೆ
ಮಾರ್ಕೆಟ್ಟಿನಲ್ಲಿ ಬೆಲೆ ಇಲ್ಲ, ಎಳೆಯೆಲ್ಲ ತುಂಡು.
'ಒಳಗಿದ್ದದ್ದು ಬದುಕಿತಲ್ಲ ಅಣ್ಣ, ಅದಕ್ಕೇ ರೇಟು ಬಿತ್ತು' ಅಂದಳು,
ನನ್ನ ಆಂಪ್ಲಿಫೈಯರಿನ ಮೇಲೆ ಸುಣ್ಣದಲ್ಲಿ ಬರೆದಳು: ತೂತುಗೂಡು.
ಅಳಿಸುವ ಕೂಲಿ ಐವತ್ತು ಅಂತ ಬಿಲ್ಲು ಹಾಕಿದೆ.
ಅಳಿಸಲಿಲ್ಲ.

ಮೊದಲ ಪ್ರೋಗ್ರಾಂ ಛತ್ರದಲ್ಲಿ. ಒಂಬತ್ತು ನಿಮಿಷ, ಹನ್ನೊಂದು ಹಾಡು.
ಮುಗಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು
'ಮೈಕ್ ಟೆಸ್ಟಿಂಗ್ ಚೆನ್ನಾಗಿತ್ತು, ಇನ್ನು ಶುರು ಮಾಡ್ರಪ್ಪ' ಅಂದರು.

ಚಿಂತಾಮಣಿಯಲ್ಲಿ ನಾಲ್ಕನೇ ಹಾಡಿಗೇ ಪೊಲೀಸರು.
ಹುಡುಗರನ್ನು ಬಿಟ್ಟರು, ಬಾಕ್ಸುಗಳನ್ನು ಹಿಡಿದಿಟ್ಟರು.
ರಸೀದಿ ಹಿಡಿದು ನಾನೇ ಹೋದೆ.
'ಏನು ಹಾಡ್ತಾರಯ್ಯ ಇವರು?'
ಗೊತ್ತಿಲ್ಲ ಸ್ವಾಮಿ, ಅಂದೆ. ಸುಳ್ಳು.
ಒಂದು ಗೊತ್ತಿತ್ತು, 'ಹೆಬ್ಬೆಟ್ಟು'.
ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ
ಅವಳ ಅಮ್ಮನ ಬೆರಳ ಗೆರೆ ಸವೆದು
ರೇಷನ್ ಅಂಗಡಿಯ ಯಂತ್ರ ಆಕೆಯನ್ನು ಒಪ್ಪುವುದಿಲ್ಲ.
ಹಾಡಿನಲ್ಲಿ ಇಷ್ಟೆಲ್ಲ ಇಲ್ಲ.
'ಮತ್ತೊಮ್ಮೆ ಒತ್ತಿ' ಅಂತ ಇಪ್ಪತ್ತೇಳು ಸಲ ಇದೆ.
ಕೊನೆಯದು ಮಾತಲ್ಲ.

ಸಿಡಿ ಎಂಬತ್ತು ಮಾಡಿದರು. ಹದಿನಾಲ್ಕು ಹೋದವು.
ಉಳಿದವನ್ನು ಗಂಗುಲಪ್ಪನ ಮಾವ
ಹಕ್ಕಿ ಬೆದರಲಿ ಎಂದು ದ್ರಾಕ್ಷಿ ತೋಟಕ್ಕೆ ಕಟ್ಟಿದ.
ಬೆಳಗಿನ ಬಿಸಿಲಿಗೆ ಅರವತ್ತಾರು ತೂತುಗಳು
ಸುತ್ತ ಬಣ್ಣ ಕಾರುತ್ತ ತಿರುಗಿದವು.
ಗಿಳಿಗಳು ಎರಡು ದಿನ ಹೆದರಿ
ಮೂರನೇ ದಿನ ತಂತಿಯ ಮೇಲೆ ಪಕ್ಕದಲ್ಲೇ ಕೂತವು.

ಆ ವರ್ಷವೇ ಫಿಲೇಚರಿಗೆ ಆಟೊಮ್ಯಾಟಿಕ್ ಮಿಷನ್ನು ಬಂತು.
ನಲವತ್ತು ಹೆಂಗಸರ ಕೆಲಸಕ್ಕೆ ಆರು ಜನ ಸಾಕು.
ಆರರಲ್ಲಿ ರುಕ್ಸಾನಳ ಅಮ್ಮ ಇರಲಿಲ್ಲ.
ಮುಂದಿನ ಭಾನುವಾರ ಅವಳು ಹೊಸ ಹಾಡು ತಂದಳು,
ಅದರಲ್ಲಿ ಇಮ್ತಿಯಾಜನ ಅಪ್ಪನ ಹೆಸರು, ಇನಿಷಿಯಲ್ ಸಮೇತ.
ಬಾಕ್ಸು ಒಯ್ಯಲು ಹೋದವನು ಬಾಗಿಲಲ್ಲೇ ನಿಂತೆ.
ಇಮ್ತಿಯಾಜ್ ಚೀಟಿ ಓದಿದ. ತಂತಿ ಬಿಗಿದ.
ನುಡಿಸಿದ, ಮೂವತ್ತೊಂದು ಸೆಕೆಂಡು, ಒಂದೂ ತಪ್ಪಿಲ್ಲದೆ.
ಅವನು ತಪ್ಪಿಲ್ಲದೆ ನುಡಿಸಿದ್ದು ಅದೊಂದೇ ಸಲ.
ಆಮೇಲೆ ಗಿಟಾರನ್ನು ಗೋಣಿಗೆ ಹಾಕಿ
ಅವತ್ತಿನ ಬಾಡಿಗೆ ಪೂರ್ತಿ ನನ್ನ ಕೈಗಿಟ್ಟ.
ಚಿಲ್ಲರೆ ಇರಲಿ ಅಂದ.

ಹಳೆ ಬಾಕಿ ಸಾವಿರದ ಮುನ್ನೂರೈವತ್ತು, ಹಾಗೇ ಇದೆ.
ಮುನಿಆಂಜಿ ಟೊಮೆಟೊ ಟೆಂಪೊ ನಿಲ್ಲಿಸಿ 'ಕೊಡ್ತೀನಣ್ಣ' ಅಂತಾನೆ,
ಬೆರಳು ಸ್ಟೀರಿಂಗಿನ ಮೇಲೆ, ಅದೇ ವೇಗ.
ರುಕ್ಸಾನ ರೇಷನ್ ಸಾಲಿನಲ್ಲಿ ಸಿಗುತ್ತಾಳೆ,
ಅಮ್ಮನ ಬದಲು ತನ್ನ ಹೆಬ್ಬೆಟ್ಟು ಒತ್ತಲು.
ಒಡಕು ದನಿ ಇನ್ನೂ ಕೂಡಿಲ್ಲ.
ನನ್ನ ಎಡಗಿವಿಯಲ್ಲಿ ಒಂದು ಸೀಟಿ ನಿಂತುಬಿಟ್ಟಿದೆ.
ವಯಸ್ಸು, ಅಂದರು ಡಾಕ್ಟರು. ಆಗಲಿ ಅಂದೆ.

ನಿನ್ನೆ ಹರಿಕಥೆಗೆ ಅದೇ ಆಂಪ್ಲಿಫೈಯರು ಕಳಿಸಿದೆ,
ಸುಣ್ಣದ ಅಕ್ಷರ ಗೋಡೆ ಕಡೆ ತಿರುಗಿಸಿ.
ಇಲ್ಲ, ನಿಜ ಹೇಳಬೇಕೆಂದರೆ,
ಜನರ ಕಡೆ.